ಚೀಟಿ ಬರೆಯುವ ಕೈ

ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದವರು ಯಾರನ್ನು ನೆನೆಯುತ್ತಾರೆ? ಮೊದಲು ದೇವರನ್ನು, ಆಮೇಲೆ ಡಾಕ್ಟರನ್ನು, ರಾತ್ರಿಯೆಲ್ಲ ಎದ್ದು ನೋಡಿಕೊಂಡ ನರ್ಸಮ್ಮನನ್ನು. ಕೈ ಧಾರಾಳವಿದ್ದವರು ವಾರ್ಡಿನ ಆಯಾಳಿಗೂ ಒಂದು ರವಿಕೆ ಕಣ ಕೊಟ್ಟು ಬರುತ್ತಾರೆ. ಆದರೆ ಬಾಗಿಲಲ್ಲೇ ಕಿಟಕಿಯ ಹಿಂದೆ ಕುಳಿತು, ಹೆಸರೇನು, ವಯಸ್ಸೆಷ್ಟು, ಯಾವೂರು ಎಂದು ಕೇಳಿ ಚೀಟಿ ಬರೆದುಕೊಟ್ಟವರು ಯಾರ ನೆನಪಿನಲ್ಲೂ ಇರುವುದಿಲ್ಲ. ಇದ್ದರೂ ಅದು ಬೈಯುವುದಕ್ಕೆ ಮಾತ್ರ. "ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ" ಎಂಬ ಗಾದೆಯನ್ನು ನಮ್ಮ ಜನ ದೇವಸ್ಥಾನಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ಸಾಲಿನಲ್ಲೇ ಬಳಸುತ್ತಾರೆ.

ಈ ಕಿಟಕಿಯ ಹಿಂದಿನವರ ಬಗ್ಗೆ ನಾನು ಕೆಲವು ಕಾಲದಿಂದ ಯೋಚಿಸುತ್ತಿದ್ದೇನೆ. ಅವರು ಮೈಮುಟ್ಟಿ ನೋಡುವುದಿಲ್ಲ, ಔಷಧಿ ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಬರೆಯುತ್ತಾರೆ, ಅಷ್ಟೆ. ಹಾಗಾದರೆ ಅವರದು ಬರೀ ಗುಮಾಸ್ತಿಕೆಯೇ, ಅಥವಾ ಅದರಲ್ಲೂ ಆರೈಕೆಯ ಒಂದು ಪಾಲು ಇದೆಯೇ? ಇದ್ದರೆ, ಬರೆಯುವ ಕೈ ಮೊದಲು ಯಾರಿಗೆ ಬದ್ಧವಾಗಿರಬೇಕು? ಎದುರಿಗೆ ನಿಂತ ಮನುಷ್ಯರಿಗೋ, ಮುಂದೆ ಬಿಚ್ಚಿಟ್ಟ ಕಾಗದಕ್ಕೋ? ಕೇಳುವುದಕ್ಕೆ ಸಣ್ಣ ಪ್ರಶ್ನೆ. ಉತ್ತರ ಹೇಳಹೊರಟರೆ ಅಷ್ಟು ಸಣ್ಣದಲ್ಲ.

ನಮ್ಮ ಉಮ್ಮತ್ತೂರಿನ ಸೀಮೆಯಲ್ಲಿ ಆಸ್ಪತ್ರೆಗೆ ಹೋಗುವುದೆಂದರೆ ಒಂದು ಪ್ರಯಾಣ. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಗುವ ತನಕ ನಾವೆಲ್ಲ ಮೈಸೂರು ಜಿಲ್ಲೆಯವರು. ದೊಡ್ಡ ಕಾಯಿಲೆ ಬಂದರೆ ಮೈಸೂರಿನ ದೊಡ್ಡಾಸ್ಪತ್ರೆ, ಅಂದರೆ ಕೃಷ್ಣರಾಜೇಂದ್ರ ಆಸ್ಪತ್ರೆ. ಹೆರಿಗೆ ಕಷ್ಟವಾದರೆ ಚೆಲುವಾಂಬ. ಬುತ್ತಿ ಕಟ್ಟಿಕೊಂಡು, ಬಸ್ಸು ಹಿಡಿದು, ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದವರ ಮುಂದೆ ಕೈಮುಗಿದು ನಿಲ್ಲಬೇಕಾಗಿತ್ತು. ಈಗ ಚಾಮರಾಜನಗರದಲ್ಲೇ ಜಿಲ್ಲಾಸ್ಪತ್ರೆ ಇದೆ. 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರಿದ್ದಾರೆ. ದಾರಿ ಹತ್ತಿರವಾಯಿತು. ಆದರೆ ಕಿಟಕಿ ಮಾತ್ರ ಹಾಗೆಯೇ ಉಳಿಯಿತು. ಕಿಟಕಿಯಲ್ಲಿ ಕೇಳುವ ಕಾಗದಗಳಂತೂ ಮೊದಲಿಗಿಂತ ಹೆಚ್ಚಾದವು.

ಆ ಕಿಟಕಿಯ ಹಿಂದೆ ಯಾರಿರುತ್ತಾರೆ ಗೊತ್ತೇ? ಕೆಲವು ಕಡೆ ಪರೀಕ್ಷೆ ಬರೆದು ಬಂದ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರು. ಹಲವು ಕಡೆ ಗುತ್ತಿಗೆಯ ಮೇಲೆ ಬಂದು ಕಂಪ್ಯೂಟರ್ ಮುಂದೆ ಕುಳಿತ ಹುಡುಗಿಯರು. ಬೆಳಿಗ್ಗೆ ಹೊರರೋಗಿ ಚೀಟಿ, ಆಮೇಲೆ ಒಳರೋಗಿಗಳ ದಾಖಲೆ, ಹೆರಿಗೆ ರಿಜಿಸ್ಟರು, ಜನನ ಮರಣದ ವರದಿ, ಔಷಧಿ ದಾಸ್ತಾನಿನ ಪುಸ್ತಕ, ಸಿಬ್ಬಂದಿಯ ಸಂಬಳದ ಬಿಲ್ಲು, ತಿಂಗಳ ಕೊನೆಗೆ ಮೇಲಿನವರಿಗೆ ಕಳಿಸಬೇಕಾದ ಅಂಕಿಅಂಶ. ಡಾಕ್ಟರು ರಜೆಯಲ್ಲಿದ್ದರೆ ಆ ಸುದ್ದಿ ಹೇಳಿ ಬೈಸಿಕೊಳ್ಳುವವರೂ ಇವರೇ. ಕರೆಂಟು ಹೋದರೆ, ಸರ್ವರ್ ನಿಂತರೆ ಅದಕ್ಕೂ ಇವರೇ ಹೊಣೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಥ ಕೆಲಸದಲ್ಲಿದ್ದಾಳೆ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಹೆಸರೂ ಬೇಡ. ಶಾಲೆಯಲ್ಲಿ ಅವಳ ಅಕ್ಷರ ಮುತ್ತು ಪೋಣಿಸಿದಂತೆ ಇರುತ್ತಿತ್ತು. ಹಬ್ಬಕ್ಕೆ ಊರಿಗೆ ಬಂದಾಗ ಮನೆಗೆ ಬಂದು ಕುಳಿತು ಮಾತಾಡುತ್ತಾಳೆ. "ಮಿಸ್, ಇಡೀ ದಿನ ನಾನು ಬರೆಯೋದು ಹೆಸರು. ಆದ್ರೆ ಹೆಸರು ಬರೆಯೋದೇ ಎಲ್ಲಕ್ಕಿಂತ ಕಷ್ಟ" ಎಂದು ಒಮ್ಮೆ ಅಂದಳು.

ನನಗೆ ನಗು ಬಂತು, ಆದರೆ ಅವಳು ವಿವರಿಸಿದ ಮೇಲೆ ನಗು ನಿಂತಿತು. ಮಲೆ ಮಾದಪ್ಪನ ಒಕ್ಕಲಾದ ನಮ್ಮ ಸೀಮೆಯಲ್ಲಿ ಬೀದಿಗೆ ಹತ್ತು ಜನ ಮಾದೇವಮ್ಮಂದಿರು. ಒಬ್ಬಳೇ ಹೆಂಗಸು ರೇಷನ್ ಕಾರ್ಡಿನಲ್ಲಿ ಮಾದೇವಮ್ಮ, ಆಧಾರಿನಲ್ಲಿ ಮಹದೇವಮ್ಮ, ಬ್ಯಾಂಕಿನ ಪುಸ್ತಕದಲ್ಲಿ ಮಹಾದೇವಮ್ಮ. ಮನೆಯಲ್ಲಿ ಕರೆಯುವುದು ಮಾದಮ್ಮ ಎಂದು. ಅವಳ ಮಟ್ಟಿಗೆ ಇವೆಲ್ಲ ಒಂದೇ. ಯಾರು ಹೇಗೆ ಕೂಗಿದರೂ ಅವಳು "ಓ" ಎನ್ನುತ್ತಾಳೆ. ಆದರೆ ಕಂಪ್ಯೂಟರಿಗೆ ಇವರು ನಾಲ್ಕು ಜನ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದಲೇ ರೆಫರಲ್ ಚೀಟಿ ಪಡೆದು ಬೇರೆ ಆಸ್ಪತ್ರೆಗೆ ಹೋಗಬಹುದು. ಆದರೆ ಕಾಗದಗಳ ಹೆಸರು ಒಂದಕ್ಕೊಂದು ಕೂಡದಿದ್ದರೆ? ಹೃದಯದ ಆಪರೇಷನ್ನಿಗೆ ಹೊರಟವಳು "ಹ" ಎಂಬ ಒಂದು ಅಕ್ಷರಕ್ಕಾಗಿ ತಾಲ್ಲೂಕು ಕಚೇರಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಈಗ ಯೋಚಿಸಿ. "ಹೆಸರು ಸರಿಯಿಲ್ಲ, ನಾಳೆ ಬನ್ನಿ" ಎಂದು ಕಾಗದ ಹಿಂದಕ್ಕೆ ತಳ್ಳಿದವನು ಕಾನೂನಿನ ಪ್ರಕಾರ ತಪ್ಪು ಮಾಡಿಲ್ಲ. "ಅಮ್ಮ, ಕುಳಿತುಕೊಳ್ಳಿ, ಎಲ್ಲ ಕಾಗದ ಕೊಡಿ, ಯಾವುದರಲ್ಲಿ ಹೇಗಿದೆ ನೋಡೋಣ, ಯಾರ ಹತ್ತಿರ ಹೋದರೆ ಸರಿಯಾಗುತ್ತದೆ ಬರೆದುಕೊಡುತ್ತೇನೆ" ಎಂದವಳೂ ಕಾನೂನು ಮುರಿದಿಲ್ಲ. ನಿಯಮ ಇಬ್ಬರಿಗೂ ಒಂದೇ. ವ್ಯತ್ಯಾಸವಿರುವುದು ಹತ್ತು ನಿಮಿಷದಲ್ಲಿ. ಆ ಹತ್ತು ನಿಮಿಷ ಯಾವ ಸುತ್ತೋಲೆಯಲ್ಲೂ ಇಲ್ಲ. ಕೊಟ್ಟರೆ ಯಾರೂ ಬಹುಮಾನ ಕೊಡುವುದಿಲ್ಲ, ಕೊಡದಿದ್ದರೆ ಯಾರೂ ನೋಟಿಸು ಕೊಡುವುದಿಲ್ಲ. ಆರೈಕೆ ಎಂಬುದು ಶುರುವಾಗುವುದು ಆ ಹತ್ತು ನಿಮಿಷದಲ್ಲಿ ಎಂದು ನನಗೆ ಅನಿಸುತ್ತದೆ.

ಬರೆಯುವುದನ್ನು ನಾವು ಹಗುರವಾಗಿ ಕಾಣುತ್ತೇವೆ. ನಮ್ಮೂರು ಒಂದು ಕಾಲಕ್ಕೆ ವಿಜಯನಗರದ ಕೃಷ್ಣದೇವರಾಯನಿಗೇ ಎದುರು ನಿಂತ ಪಾಳೆಯಗಾರರ ಊರು. ಆ ಕಾಲದ ಅರಸರು, ದಾನ ಕೊಟ್ಟವರು, ದಾನ ಪಡೆದವರು ಎಲ್ಲರ ಹೆಸರನ್ನೂ ಕಲ್ಲಿನ ಮೇಲೆ ಕೊರೆಸಿದ್ದಾರೆ. ಬಿ.ಎಲ್. ರೈಸ್ ಅವರು ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಆದರೆ ಅದೇ ಕಾಲದಲ್ಲಿ ಹೊಲದಲ್ಲಿ ಕಳೆ ಕಿತ್ತವಳ, ಹೆರಿಗೆಯಲ್ಲಿ ತೀರಿಕೊಂಡವಳ ಹೆಸರು ಯಾವ ಕಲ್ಲಿನ ಮೇಲಿದೆ? ನಮ್ಮ ಅಜ್ಜಿಯರ ಹುಟ್ಟಿದ ದಿನ ಅವರಿಗೇ ಗೊತ್ತಿರಲಿಲ್ಲ. "ಪ್ಲೇಗು ಬಂದ ವರ್ಷ", "ಕೆರೆ ಕೋಡಿ ಬಿದ್ದ ವರ್ಷ" ಎನ್ನುತ್ತಿದ್ದರು. ಬಡ ಹೆಂಗಸಿನ ಹೆಸರು ಕಾಗದಕ್ಕೆ ಹತ್ತಿದ್ದು ತೀರ ಇತ್ತೀಚೆಗೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅಂಗನವಾಡಿ ಯೋಜನೆ 1975ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ನೆರೆಯ ತಿರುಮಕೂಡಲು ನರಸೀಪುರದಲ್ಲಿ. ಬಸುರಿಯ ಹೆಸರು, ಬಾಣಂತಿಯ ಹೆಸರು, ಮಗುವಿನ ತೂಕ ಇವೆಲ್ಲ ಒಂದು ಪುಸ್ತಕದಲ್ಲಿ ಬರೆಯುವಂಥ ವಿಷಯ ಎಂದು ಸರ್ಕಾರಕ್ಕೆ ಅನಿಸುವುದಕ್ಕೇ ಇಷ್ಟು ಕಾಲ ಹಿಡಿಯಿತು. ಆ ದೃಷ್ಟಿಯಿಂದ ನೋಡಿದರೆ ಹೆರಿಗೆ ವಾರ್ಡಿನ ರಿಜಿಸ್ಟರೇ ನಮ್ಮ ಹೆಂಗಸರ ಶಾಸನ.

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ಕತ್ತಲಲ್ಲಿ ದೀಪ ಹಿಡಿದು ಗಾಯಾಳುಗಳನ್ನು ನೋಡಿಕೊಂಡ ಮಹಾತಾಯಿ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ನಿಜವೇ. ಆದರೆ ಕ್ರಿಮಿಯಾ ಯುದ್ಧ ಮುಗಿದ ಮೇಲೆ ಆಕೆ ಮಾಡಿದ ಇನ್ನೊಂದು ದೊಡ್ಡ ಕೆಲಸವೆಂದರೆ ಲೆಕ್ಕ. ಸೈನಿಕರು ಗುಂಡೇಟಿಗಿಂತ ಹೆಚ್ಚಾಗಿ ಕೊಳಕಿನಿಂದ ಬರುವ ರೋಗಗಳಿಗೆ ಸತ್ತರೆಂದು 1858ರಲ್ಲಿ ಅಂಕಿಅಂಶಗಳ ಚಿತ್ರ ಬರೆದು ತೋರಿಸಿದಳು. ದೀಪ ಒಂದು ರಾತ್ರಿಯ ರೋಗಿಗೆ ಬೆಳಕಾಯಿತು. ಲೆಕ್ಕ ಮುಂದೆ ಬರುವ ಸಾವಿರಾರು ರೋಗಿಗಳಿಗೆ ಬೆಳಕಾಯಿತು. ನಮ್ಮ ಪಾಠಗಳಲ್ಲಿ ದೀಪಕ್ಕೆ ಜಾಗವುಂಟು, ಲೆಕ್ಕದ ಪುಸ್ತಕಕ್ಕೆ ಇಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಯಾರಾದರೂ ಒಪ್ಪುತ್ತಾರೆ. ಸಹನೆಯಿಂದ ಬರೆಯಿರಿ, ಸರಿಯಾಗಿ ಬರೆಯಿರಿ, ಅಷ್ಟೇ ತಾನೆ? ಆದರೆ ಸರಿಯಾಗಿ ಬರೆದರೆ ಎದುರಿನವರಿಗೆ ಕೇಡಾಗುವಂಥ ಹೊತ್ತು ಬಂದರೆ? ಅಂಥ ಒಂದು ಸಂಗತಿಯನ್ನು ಈಗ ಹೇಳುತ್ತೇನೆ. ಯಾರ ಗುರುತೂ ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಒಂದು ಸಂಜೆ ನನ್ನ ಆ ವಿದ್ಯಾರ್ಥಿನಿ ಫೋನು ಮಾಡಿದಳು. ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳ ಹೆಸರು ಹೇಳಿ, "ಮಿಸ್, ದಾಖಲಾತಿ ಪುಸ್ತಕದಲ್ಲಿ ಅವಳ ಹುಟ್ಟಿದ ತಾರೀಖು ಅಂದಾಜಿನದೋ, ಸರ್ಟಿಫಿಕೇಟು ನೋಡಿ ಬರೆದದ್ದೋ?" ಎಂದು ಕೇಳಿದಳು. ಯಾಕೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಖ್ಯೋಪಾಧ್ಯಾಯರಿಗೆ ತಿಳಿಸಿ ಮರುದಿನ ಬೆಳಿಗ್ಗೆ ಪುಸ್ತಕ ತೆಗೆಸಿ ನೋಡಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗು. ಜನನ ಪ್ರಮಾಣಪತ್ರದ ಸಂಖ್ಯೆ ಸಹಿತ ಬರೆದಿತ್ತು. ಹಾಗೆಂದು ತಿಳಿಸಿದೆ. ಲೆಕ್ಕ ಹಾಕಿದರೆ ಆ ಹುಡುಗಿಗೆ ಆಗ 17 ವರ್ಷ ಕೆಲವು ತಿಂಗಳು.

ಆ ಪ್ರಶ್ನೆ ಕೇಳಿದ್ದರಲ್ಲಿ ಅರ್ಥವಿತ್ತು. ನಮ್ಮ ಹಿಂದಿನ ತಲೆಮಾರಿನವರ ಹುಟ್ಟಿದ ದಿನ ಶಾಲೆಯ ಪುಸ್ತಕದಲ್ಲಿ ಹೆಚ್ಚಾಗಿ ಜೂನ್ 1. ಶಾಲೆ ತೆರೆಯುವ ಹೊತ್ತಿಗೆ ಮಗುವಿಗೆ ವಯಸ್ಸು ತುಂಬಿರಬೇಕು ಎಂದು ಅಂದಿನ ಮೇಷ್ಟ್ರು ಬರೆದುಕೊಳ್ಳುತ್ತಿದ್ದ ದಿನ ಅದು. ಹಾಗಾಗಿ "ಇಸ್ಕೂಲ್ನಲ್ಲಿ ತಪ್ಪು ಬರ್ದವ್ರ" ಎಂಬ ಮಾತಿಗೆ ಒಂದು ಕಾಲದಲ್ಲಿ ಬೆಲೆಯಿತ್ತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ, 21 ದಿನದೊಳಗೆ ಜನನ ನೋಂದಣಿಯಾಗುವ ಈ ಕಾಲದಲ್ಲಿ ಆ ಮಾತು ನಿಲ್ಲುವುದಿಲ್ಲ. ಆದರೂ ಆ ದಿನ ಆ ಮಾತನ್ನು ಹೇಳಿದವರಿದ್ದರು.

ನಡೆದದ್ದು ನನಗೆ ತಿಳಿದದ್ದು ಆಮೇಲೆ, ಊರಿಗೆಲ್ಲ ತಿಳಿದ ಹಾಗೆಯೇ. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಓದು ಬಿಟ್ಟಿದ್ದಳು. ದೂರದ ಒಂದು ದೇವಸ್ಥಾನದಲ್ಲಿ, ಹೆಚ್ಚು ಸದ್ದಿಲ್ಲದೆ, ಸೋದರ ಸಂಬಂಧದಲ್ಲೇ ಮದುವೆ ಮಾಡಿದ್ದರು. ತಾಯಿ ಕಾರ್ಡಿನಲ್ಲಿ ಮನೆಯವರು ಹೇಳಿದಂತೆ ವಯಸ್ಸು 19 ಎಂದಿತ್ತು. ನೋವು ಶುರುವಾಗಿ ಆಸ್ಪತ್ರೆಗೆ ಬಂದಾಗ ಆಧಾರ್ ಕೇಳಿದರು. ಆಧಾರಿನಲ್ಲಿ ಇದ್ದದ್ದು ಶಾಲೆಯ ತಾರೀಖು. ಹುಡುಗಿಯ ಅತ್ತೆ ಕಿಟಕಿಯ ಸರಳು ಹಿಡಿದುಕೊಂಡು, "ನಿನ್ನ ಕಾಲ್ಗ ಬೀಳ್ತೀನಿ ಕನವ್ವ, ಹತ್ತೊಂಬತ್ತು ಅಂತ ಬರ್ಕೊ. ನಿಂದೇನೋಗದು, ಒಂದು ಗೆರ ತಾನೇ?" ಎಂದಳಂತೆ.

ಒಂದು ಗೆರೆ. ಆ ಗೆರೆಯ ಹಿಂದೆ ಏನಿದೆ ನೋಡಿ. 18 ತುಂಬದ ಹುಡುಗಿಯ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಪರಾಧ. 2012ರ ಪೋಕ್ಸೊ ಕಾಯ್ದೆಯಂತೆ 18ರ ಒಳಗಿನವರೆಲ್ಲ ಮಕ್ಕಳು. ಮದುವೆಯಾಗಿದ್ದರೂ 18ರ ಒಳಗಿನ ಹೆಂಡತಿಯ ಸಂಗ ಅಪರಾಧವೇ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಅಪರಾಧ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದಿದ್ದರೆ ಅವರಿಗೂ 6 ತಿಂಗಳವರೆಗೆ ಸಜೆಯಾಗಬಹುದು. ಎಂದರೆ, 17 ಎಂದು ಬರೆದರೆ ಮಗು ಹುಟ್ಟುವ ಹೊತ್ತಿಗೆ ಅದರ ತಂದೆ ಠಾಣೆಯಲ್ಲಿರುತ್ತಾನೆ. 19 ಎಂದು ಬರೆದರೆ ಸಂಜೆಗೆ ಮನೆಮಂದಿಗೆಲ್ಲ ಸಕ್ಕರೆ ಹಂಚುತ್ತಾರೆ.

ಓದುತ್ತಿರುವ ಅಕ್ಕತಂಗಿಯರೇ, ನೀವು ಆ ಕುರ್ಚಿಯಲ್ಲಿದ್ದರೆ ಏನು ಬರೆಯುತ್ತಿದ್ದಿರಿ? ದಯವಿಟ್ಟು ಬೇಗ ಉತ್ತರಿಸಬೇಡಿ.

19 ಎಂದು ಬರೆಯಬೇಕು ಎನ್ನುವವರ ಮಾತಿನಲ್ಲಿ ಕರುಣೆಯಿದೆ. ಮದುವೆ ಆಗಿಹೋಗಿದೆ, ಮಗು ಹೊಟ್ಟೆಯಲ್ಲಿದೆ. ಈಗ ಸತ್ಯ ಹೇಳಿ ಯಾರನ್ನು ಉಳಿಸಿದ ಹಾಗಾಯಿತು? ದುಡಿಯುವ ಗಂಡ ಜೈಲಿಗೆ ಹೋದರೆ ಆ ಎಳೆ ಬಾಣಂತಿಗೆ ಗಂಜಿ ಹಾಕುವವರು ಯಾರು? ಇನ್ನೊಂದು ಭಯವೂ ಉಂಟು, ಅದು ಸಣ್ಣದಲ್ಲ. ಆಸ್ಪತ್ರೆಗೆ ಹೋದರೆ ಪೊಲೀಸು ಬರುತ್ತದೆ ಎಂದು ಗೊತ್ತಾದರೆ, ನಾಳೆ ಇಂಥ ಹುಡುಗಿಯರನ್ನು ಆಸ್ಪತ್ರೆಗೇ ಕರೆತರದೆ ಮನೆಯಲ್ಲೇ ಹೆರಿಗೆ ಮಾಡಿಸುತ್ತಾರೆ. ಆಗ ಹೋಗುವುದು ಜೀವ. ಕಾನೂನು ಪುಸ್ತಕ ಬರೆದವರು ಹಳ್ಳಿಯ ಹಟ್ಟಿಯಲ್ಲಿ ಕುಳಿತು ಬರೆದಿಲ್ಲ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ.

17 ಎಂದೇ ಬರೆಯಬೇಕು ಎನ್ನುವವರ ಮಾತಿನಲ್ಲೂ ಕರುಣೆಯಿದೆ, ಆದರೆ ಅದು ಕಣ್ಣಿಗೆ ಕಾಣದವರ ಮೇಲಿನ ಕರುಣೆ. ಎಳೆಯ ವಯಸ್ಸಿನ ಬಸುರಿಗೆ ರಕ್ತಹೀನತೆ, ನಂಜು, ಕಷ್ಟದ ಹೆರಿಗೆಯ ಅಪಾಯ ಹೆಚ್ಚು. ಕೇಸ್ ಶೀಟಿನಲ್ಲಿ 19 ಎಂದಿದ್ದರೆ ಡಾಕ್ಟರು ಆ ಎಚ್ಚರದಿಂದ ನೋಡುವುದಿಲ್ಲ. ಇನ್ನು ತಿಂಗಳ ಲೆಕ್ಕ ಮೇಲಕ್ಕೆ ಹೋಗುತ್ತದೆ. ಎಲ್ಲ ಕಿಟಕಿಗಳಲ್ಲೂ ಕರುಣೆಯಿಂದ 19 ಎಂದು ಬರೆದರೆ, ನಮ್ಮ ಜಿಲ್ಲೆಯಲ್ಲಿ ಬಾಲ್ಯವಿವಾಹವೇ ಇಲ್ಲ ಎಂದು ಕಾಗದ ಹೇಳುತ್ತದೆ. ಇಲ್ಲದ ರೋಗಕ್ಕೆ ಯಾರು ಮದ್ದು ಕಳಿಸುತ್ತಾರೆ? ಈ ವರ್ಷ ಒಂಬತ್ತನೇ ತರಗತಿಯಲ್ಲಿ ಕುಳಿತಿರುವ ಹುಡುಗಿಯ ಮದುವೆಯನ್ನು ತಡೆಯಲು ಯಾರು ಬರುತ್ತಾರೆ?

ಅವಳು 17 ಎಂದೇ ಬರೆದಳು. ಆದರೆ ಬರೆದ ರೀತಿ ಹೇಳಬೇಕು. ವಯಸ್ಸಿನ ಮಾತು ಎತ್ತುವ ಮೊದಲು ಹುಡುಗಿಯನ್ನು ಒಳಗೆ ಕಳಿಸಿ ಮಂಚ ಕೊಡಿಸಿದಳು. "ಕಾಗದ ಆಮೇಲೆ, ಮೊದಲು ಹೆರಿಗೆ" ಎಂದು ಸಿಸ್ಟರಿಗೆ ಹೇಳಿದಳು. ವಯಸ್ಸಿನ ಜಾಗವನ್ನು ಖಾಲಿ ಬಿಟ್ಟು, ಡಾಕ್ಟರಿಗೆ ಸಂಶಯವನ್ನು ಬಾಯಲ್ಲಿ ತಿಳಿಸಿದಳು. ಮರುದಿನ, ತಾಯಿ ಮಗು ಇಬ್ಬರೂ ಕ್ಷೇಮ ಎಂದು ಗೊತ್ತಾದ ಮೇಲೆ, ಶಾಲೆಯ ದಾಖಲೆ ಖಚಿತವಾದ ಮೇಲೆ ಬರೆದಳು. ಬರೆದು ಸುಮ್ಮನಾಗಲಿಲ್ಲ. ಆ ಅತ್ತೆಯನ್ನು ಪಕ್ಕಕ್ಕೆ ಕರೆದು ಏನು ಬರೆದಿದ್ದೇನೆ, ಇದರಿಂದ ಏನಾಗುತ್ತದೆ, ಕಾನೂನು ನೆರವು ಎಲ್ಲಿ ಸಿಗುತ್ತದೆ ಎಂದು ತಾನೇ ಹೇಳಿದಳು. ಬೆನ್ನ ಹಿಂದೆ ಬರೆಯಲಿಲ್ಲ. ಆ ಹೆಂಗಸು ಮಣ್ಣು ತೂರಿ ಶಾಪ ಹಾಕಿದಳು. ಅದನ್ನೂ ನಿಂತು ಕೇಳಿಸಿಕೊಂಡಳು.

ಇದರ ಕೊನೆ ಕಥೆಗಳಲ್ಲಿ ಬರುವಂತೆ ಚಂದವಾಗಿಲ್ಲ. ಹುಡುಗ ಕೆಲವು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಕೇಸು ನಡೆಯುತ್ತಲೇ ಇದೆ. ಹುಡುಗಿ ತವರಿನಲ್ಲಿದ್ದಾಳೆ. ಅದಾದ ಮೇಲೆ ನಮ್ಮ ಕಡೆ ಬಾಲ್ಯವಿವಾಹ ನಿಂತಿತು ಎಂದು ನಾನು ಹೇಳಲಾರೆ. ಊರಿನ ಕೆಲವರು ಇಂದಿಗೂ ನನ್ನ ವಿದ್ಯಾರ್ಥಿನಿಯನ್ನು "ಸಂಸಾರ ಒಡೆದವಳು" ಎನ್ನುತ್ತಾರೆ.

ಒಂದು ದಿನ ಬಸ್ಸಿನಲ್ಲಿ ಆ ಹುಡುಗಿ ಸಿಕ್ಕಿದಳು. ಮಗು ತೊಡೆಯ ಮೇಲೆ ಮಲಗಿತ್ತು. ನಾನು ಯಾವ ಮಾತೂ ಎತ್ತಲಿಲ್ಲ. ಅವಳೇ ಹೇಳಿದಳು: "ಆಸ್ಪತ್ರ ಅಕ್ಕ ಬರ್ದದ್ದು ಸುಳ್ಳಲ್ಲ ಕನ ಮಿಸ್. ಆದ್ರ ಮದ್ವಗ ಮೊದ್ಲು ನನ್ನ ವಯಸ್ಸ ಯಾರೂ ಕೇಳ್ನಿಲ್ವಲ್ಲ?"

ಆ ಮಾತು ನನ್ನನ್ನು ಬಿಡಲಿಲ್ಲ. ಹೌದಲ್ಲ! ಲಗ್ನ ಕಟ್ಟಿಸಿದವರು ಕೇಳಲಿಲ್ಲ. ತಾಳಿ ಮಾಡಿಕೊಟ್ಟವರು ಕೇಳಲಿಲ್ಲ. ಮಂತ್ರ ಹೇಳಿದವರು, ಊಟಕ್ಕೆ ಕುಳಿತವರು, ಮುಯ್ಯಿ ಹಾಕಿದವರು ಯಾರೂ ಕೇಳಲಿಲ್ಲ. ಅಷ್ಟು ಜನ ಸೇರಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೊನೆಗೆ ಕೇಳಬೇಕಾಗಿ ಬಂದದ್ದು ಕಿಟಕಿಯ ಹಿಂದೆ ಕುಳಿತ ಒಬ್ಬಳು. ಊರೆಲ್ಲ ಸೇರಿ ಹೇಳಿದ ಸುಳ್ಳನ್ನು ನಿಜ ಮಾಡಿಕೊಡು ಎಂದು ನಾವು ಚೀಟಿ ಬರೆಯುವವಳನ್ನು ಬೇಡುತ್ತೇವೆ. ಮಾಡಿಕೊಟ್ಟರೆ ಅವಳು ಒಳ್ಳೆಯವಳು, ಇಲ್ಲದಿದ್ದರೆ ಕಲ್ಲೆದೆಯವಳು. ಅವಳ ಕರುಣೆಯನ್ನು ನಾವು ಹೀಗೆ ಸಾಲವಾಗಿ ಕೇಳುವುದು ನ್ಯಾಯವೇ?

ನಾನು ತಲುಪಿದ ತೀರ್ಮಾನ ಇಷ್ಟು. ಬರೆಯುವ ಕೈಯ ಕರುಣೆ ಅಕ್ಷರವನ್ನು ಬದಲಿಸುವುದರಲ್ಲಿಲ್ಲ. ಅಕ್ಷರದ ಮೊದಲು ಮತ್ತು ಅಕ್ಷರದ ಆಮೇಲೆ ಏನು ಮಾಡುತ್ತೇವೆ ಎಂಬುದರಲ್ಲಿದೆ. ಮೊದಲು ಮಂಚ ಕೊಡಿಸುವುದು ಕರುಣೆ. ಆಮೇಲೆ ಎದುರು ನಿಂತು ತಿಳಿಸುವುದು, ಶಾಪವನ್ನು ಕೇಳಿಸಿಕೊಳ್ಳುವುದು ಕರುಣೆ. ನಡುವಿನ ಅಕ್ಷರ ಮಾತ್ರ ಸತ್ಯವಾಗಿರಬೇಕು. ಸತ್ಯವನ್ನು ಬರೆದು ಆ ಹುಡುಗಿಯೊಬ್ಬಳ ತಲೆಯ ಮೇಲೇ ಅದರ ಭಾರವನ್ನು ಹೊರಿಸಿ ಎದ್ದುಹೋದರೆ ಆ ಸತ್ಯವೂ ಕ್ರೂರವೇ ಆಗುತ್ತದೆ.

ಅಕ್ಷರ ಯಾಕೆ ಸತ್ಯವಾಗಿರಬೇಕು ಎನ್ನುವುದಕ್ಕೆ ನಮ್ಮ ಜಿಲ್ಲೆಯೇ ಒಂದು ದೊಡ್ಡ ಸಾಕ್ಷಿ ಕೊಟ್ಟಿದೆ. ಕೊರೊನಾ ಎರಡನೆಯ ಅಲೆಯ ಹೊತ್ತಿನಲ್ಲಿ, 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ರೋಗಿಗಳು ತೀರಿಕೊಂಡರು. ಆಮ್ಲಜನಕ ಇಲ್ಲದೆ ಸತ್ತವರು ಮೂವರು ಮಾತ್ರ, ಉಳಿದವರಿಗೆ ಬೇರೆ ಕಾರಣ ಎಂದು ಅಂದಿನ ಸರ್ಕಾರದ ಕಡೆಯಿಂದ ಮೊದಲು ಮಾತು ಬಂತು. ಹೈಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ಸಮಿತಿಯೊಂದನ್ನು ಕಳಿಸಿತು. ಸಮಿತಿ ಆಸ್ಪತ್ರೆಯ ದಾಖಲೆಗಳನ್ನು ನೋಡಿ, ಆಮ್ಲಜನಕದ ಕೊರತೆಯೇ ಸಾವುಗಳಿಗೆ ಕಾರಣವೆಂದು ವರದಿ ಕೊಟ್ಟಿತು. ಆ ರಾತ್ರಿ ತಮ್ಮವರನ್ನು ಕಳೆದುಕೊಂಡವರ ಅಳಲು ಹೊರಗೆಲ್ಲ ಕೇಳಿಸಿತ್ತು. ಆದರೆ ನ್ಯಾಯಾಲಯದ ಮುಂದೆ ಅಳಲಿನ ಜೊತೆಗೆ ಕಾಗದವೂ ಬೇಕು. ಯಾರು, ಎಷ್ಟು ಹೊತ್ತಿಗೆ, ಯಾವ ವಾರ್ಡಿನಲ್ಲಿ ಎಂದು ಬರೆದದ್ದೇ ಸತ್ತವರ ಕೊನೆಯ ಮಾತಾಗುತ್ತದೆ. ಅಲ್ಲಿ ಒಂದು ಸಾಲು ಸುಳ್ಳಾದರೆ, ಸತ್ತವರನ್ನು ಎರಡನೆಯ ಸಲ ಕಳೆದುಕೊಂಡಂತೆ.

ಬರೆಯುವವರಿಗೆ ಇನ್ನೊಂದು ಧರ್ಮವಿದೆ. ಬರೆದದ್ದನ್ನು ಬಾಯಿಗೆ ತರದಿರುವುದು. ನಮ್ಮ ಪಕ್ಕದ ಯಳಂದೂರು ತಾಲ್ಲೂಕಿನಲ್ಲಿ, ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರು ಕಟ್ಟಿದ ಕರುಣಾ ಟ್ರಸ್ಟ್ 1980ರ ದಶಕದಲ್ಲಿ ಕೆಲಸ ಶುರುಮಾಡಿದ್ದು ಕುಷ್ಠರೋಗದಿಂದ. ಆ ರೋಗದ ಚಿಕಿತ್ಸೆ ಅಂದರೆ ಚರ್ಮದ ಮೇಲಿನ ಚುಕ್ಕೆ ಹುಡುಕಿ, ಹೆಸರು ಬರೆದುಕೊಂಡು, ತಿಂಗಳು ತಿಂಗಳೂ ಮಾತ್ರೆ ನುಂಗಿದರೇ ಎಂದು ಗುರುತು ಹಾಕುವ ತಾಳ್ಮೆಯ ಕೆಲಸ. ಹೆಸರು ಬರೆಯದೆ ರೋಗ ವಾಸಿಯಾಗುವುದಿಲ್ಲ. ಆ ಹೆಸರು ಹೊರಗೆ ಬಂದರೆ ಮಗಳ ಮದುವೆ ನಿಲ್ಲುತ್ತದೆ. ಎಚ್ಐವಿ ವಿಷಯದಲ್ಲೂ ಹಾಗೆಯೇ. ರೋಗಿಯ ಗುಟ್ಟು ಕಾಯಬೇಕೆಂದು 2017ರಲ್ಲಿ ಕಾನೂನೇ ಆಗಿದೆ. ಊರಿನ ಅರ್ಧ ಗುಟ್ಟು ಆಸ್ಪತ್ರೆಯ ರಿಜಿಸ್ಟರಿನಲ್ಲಿರುತ್ತದೆ. ಯಾರಿಗೆ ಗರ್ಭಪಾತವಾಯಿತು, ಯಾರು ವಿಷ ಕುಡಿದು ಬಂದರು, ಯಾರ ಮೈಮೇಲೆ ಹೊಡೆತದ ಗುರುತಿತ್ತು. ಇದೆಲ್ಲವನ್ನೂ ಬರೆದು, ಸಂಜೆ ಅದೇ ಬಸ್ಸಿನಲ್ಲಿ ಅದೇ ಜನರ ಪಕ್ಕ ಕುಳಿತು, ಹವಾಮಾನದ ಮಾತಾಡಿಕೊಂಡು ಬರುವುದು ಸುಲಭವಲ್ಲ. ನನ್ನ ವಿದ್ಯಾರ್ಥಿನಿ ಮನೆಗೆ ಬಂದಾಗ ತನ್ನ ಮನಸ್ಸಿನ ಹೊಯ್ದಾಟ ಹೇಳಿಕೊಳ್ಳುತ್ತಾಳೆಯೇ ಹೊರತು ಯಾರ ಹೆಸರನ್ನೂ ಹೇಳಿದವಳಲ್ಲ.

ಹೀಗೆಂದ ಮಾತ್ರಕ್ಕೆ ಕಿಟಕಿಯ ಹಿಂದಿರುವವರೆಲ್ಲ ದೇವತೆಗಳೆಂದು ನಾನು ಹೇಳುತ್ತಿಲ್ಲ. ಮುಖ ಎತ್ತದೆ ಗದರುವವರಿದ್ದಾರೆ. ಉಟ್ಟ ಸೀರೆ ನೋಡಿ ಏಕವಚನವೋ ಬಹುವಚನವೋ ಎಂದು ತೀರ್ಮಾನಿಸುವವರಿದ್ದಾರೆ. ಕೈ ಚಾಚುವವರೂ ಇದ್ದಾರೆ. ಅವರನ್ನು ಸಮರ್ಥಿಸುವ ಅಗತ್ಯ ನನಗಿಲ್ಲ. ಆದರೆ ಗದರುವವರಲ್ಲಿ ಎಲ್ಲರೂ ಕೆಟ್ಟವರಲ್ಲ. ದಿನಕ್ಕೆ ಮುನ್ನೂರು ಮುಖ ನೋಡುವವರಿಗೆ ಮುನ್ನೂರ ಒಂದನೆಯ ಮುಖ ಮುಖವಾಗಿ ಕಾಣುವುದು ಕಷ್ಟ. ಗುತ್ತಿಗೆಯ ಹುಡುಗಿಗೆ ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಗೊತ್ತಿಲ್ಲ. ತನ್ನ ಮಗುವಿಗೆ ಜ್ವರ ಬಂದ ದಿನವೂ ಇತರರ ಮಕ್ಕಳಿಗೆ ಚೀಟಿ ಬರೆಯಬೇಕು. ಆರೈಕೆ ಮಾಡುವ ಜಾಗದಲ್ಲಿ ಕುಳಿತವರಿಗೂ ಆರೈಕೆ ಬೇಕು ಎಂಬುದನ್ನು ಇಲಾಖೆಗಳೂ ಮರೆಯುತ್ತವೆ, ನಾವೂ ಮರೆಯುತ್ತೇವೆ.

ನಾವು ಹೆಂಗಸರು ಮಾಡಬಹುದಾದ ಕೆಲವು ಕೆಲಸಗಳಿವೆ. ಮನೆಯಲ್ಲಿ ಹೆಣ್ಣು ಹುಟ್ಟಲಿ ಗಂಡು ಹುಟ್ಟಲಿ, 21 ದಿನದೊಳಗೆ ನೋಂದಾಯಿಸಿ ಪ್ರಮಾಣಪತ್ರ ತಂದಿಟ್ಟುಕೊಳ್ಳೋಣ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇಲೆ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಅದೇ, ಮುಂದಿನ ಕಾಗದಗಳಿಗೂ ಅದೇ ಆಧಾರ. ಮನೆಯ ಮುದುಕಿಯ ಹೆಸರು ಎಲ್ಲ ಕಾರ್ಡುಗಳಲ್ಲೂ ಒಂದೇ ಥರ ಇದೆಯೇ ಎಂದು ಅವಳು ಗಟ್ಟಿಯಾಗಿರುವಾಗಲೇ ನೋಡಿ ತಿದ್ದಿಸೋಣ. ಮದುವೆಯ ಕರೆಯೋಲೆ ಬಂದಾಗ ಹುಡುಗಿ ಯಾವ ತರಗತಿಯಲ್ಲಿದ್ದಳು ಎಂದು ನೆನಪು ಮಾಡಿಕೊಳ್ಳೋಣ. ಸಂಶಯ ಬಂದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ಒಂದು ಕರೆ ಸಾಕು. ಆ ಪ್ರಶ್ನೆಯನ್ನು ಚಪ್ಪರದ ಕೆಳಗೆ ನಾವು ಕೇಳಿದರೆ, ಹೆರಿಗೆ ನೋವಿನ ಹೊತ್ತಿನಲ್ಲಿ ಕಿಟಕಿಯ ಹಿಂದಿನವಳು ಕೇಳಬೇಕಾಗಿ ಬರುವುದಿಲ್ಲ.

ಮತ್ತು ಸುಳ್ಳು ಬರೆಯಿರಿ ಎಂದು ಯಾರನ್ನೂ ಬೇಡದಿರೋಣ. ನಮ್ಮ ಕಷ್ಟಕ್ಕೆ ಅವರು ಕೊಡಬಹುದಾದದ್ದು ಬೇರೆ ಎಷ್ಟೋ ಇದೆ: ಕುಳಿತುಕೊಳ್ಳಲು ಒಂದು ಬೆಂಚು, ಸರಿಯಾದ ದಾರಿ, ಒಂದು ಮೆತ್ತನೆಯ ಮಾತು, ಮುಚ್ಚಿಟ್ಟ ಬಾಯಿ. ಅದನ್ನು ಹಕ್ಕಿನಿಂದ ಕೇಳೋಣ.

ಹೋದ ತಿಂಗಳು ಏಳನೇ ತರಗತಿಯ ಮಕ್ಕಳಿಗೆ, ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳಿದೆ. ಡಾಕ್ಟರು, ಪೊಲೀಸು, ಮಿಸ್ ಎಂದೆಲ್ಲ ಕೂಗಿದರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ, "ಆಸ್ಪತ್ರೆಯಲ್ಲಿ ಹೆಸರು ಬರೆಯೋ ಅಕ್ಕ ಆಯ್ತೀನಿ" ಎಂದಳು. ಉಳಿದವರು ನಕ್ಕರು. ಅವಳ ಅಕ್ಷರ ಇನ್ನೂ ವಕ್ರವಕ್ರವಾಗಿದೆ. ಅವಳಿಗೆ ಕಾಪಿ ಪುಸ್ತಕ ಕೊಟ್ಟು, ದಿನಕ್ಕೆ ಒಂದು ಪುಟ ದುಂಡಗೆ ಬರೆದು ತಂದು ತೋರಿಸಬೇಕೆಂದು ಹೇಳಿದ್ದೇನೆ. ತಪ್ಪದೆ ತರುತ್ತಿದ್ದಾಳೆ.